ಕ್ಯಾಲಿಫೋರ್ನಿಯಾದಲ್ಲಿ ಸ್ಪೀಡಿಂಗ್ ಟಿಕೆಟ್ ಬಂದರೆ: ಮೊದಲು ಸೆಕ್ಷನ್ ನಂಬರ್ ನೋಡಿ

ಟಿಕೆಟ್ ಕೈಗೆ ಬಂದ ದಿನ ಏನನ್ನೂ ತೀರ್ಮಾನ ಮಾಡಬೇಡಿ. ನನ್ನ ಹತ್ತಿರ ಕೇಳಿಕೊಂಡು ಬರುವ ಎಲ್ಲರಿಗೂ ನಾನು ಮೊದಲು ಹೇಳುವ ಮಾತು ಇದು. ಆ ದಿನ ಒಂದೋ ಹೆದರಿಕೆ ಇರುತ್ತದೆ, ಇಲ್ಲವೇ ಸಿಟ್ಟು. ಹೆದರಿದವರು ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿಬಿಡುತ್ತಾರೆ. ಸಿಟ್ಟು ಬಂದವರು "ಕೋರ್ಟಲ್ಲೇ ನೋಡ್ಕೋತೀನಿ" ಅಂತ ಹೊರಡುತ್ತಾರೆ. ಇಬ್ಬರೂ ಆ ಹಳದಿ ಕಾಗದವನ್ನು ಸರಿಯಾಗಿ ಓದಿರುವುದಿಲ್ಲ.

ನಾನು ಫ್ರೀಮಾಂಟ್‌ನಲ್ಲಿ ಇರುವವಳು. ವಕೀಲೆಯಲ್ಲ. ಒಂದು ಸಲ ನನಗೇ ಬಂದ ಟಿಕೆಟ್ಟನ್ನು ಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ, ನಮ್ಮ ಅಪಾರ್ಟ್‌ಮೆಂಟಿನ ಕನ್ನಡದ ಮನೆಗಳಲ್ಲಿ ಯಾರಿಗೆ ಟಿಕೆಟ್ ಬಂದರೂ "ಅಕ್ಕಾ, ಸ್ವಲ್ಪ ಇದನ್ನ ನೋಡ್ತೀರಾ" ಅಂತ ತರುವುದು ರೂಢಿಯಾಗಿದೆ. ಊರಿಂದ ಹೊಸದಾಗಿ ಬಂದವರಿಗೆ ಈ ವ್ಯವಸ್ಥೆ ಪೂರ್ತಿ ಬೇರೆ. ಅವರು ಸುಮ್ಮನೆ ನಷ್ಟ ಮಾಡಿಕೊಳ್ಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕಾಗದದ ಮೇಲೆ ಪೊಲೀಸರು ಬರೆದಿರುವ ಸೆಕ್ಷನ್ ನಂಬರ್ ಹುಡುಕಿ. ಅದರ ಆಸುಪಾಸಿನಲ್ಲೇ ವೇಗದ ವಿವರ ತುಂಬುವ ಚಿಕ್ಕ ಚಿಕ್ಕ ಚೌಕಗಳಿರುತ್ತವೆ: ನಿಮ್ಮ ಅಂದಾಜು ವೇಗ, ಅಲ್ಲಿನ ಮಿತಿ, ಎಷ್ಟರಲ್ಲಿ ಹೋಗಿದ್ದರೆ ಕ್ಷೇಮ ಅಂತ ಅವರ ಅಭಿಪ್ರಾಯ, ರೇಡಾರ್ ಬಳಸಿದರೋ ಇಲ್ಲವೋ. ಇಡೀ ತೀರ್ಮಾನ ನಿಂತಿರುವುದು ಈ ಒಂದೆರಡು ಸಾಲಿನ ಮೇಲೆ. ಕೆಳಗೆ ನೀವು ಹಾಕಿದ ಸಹಿಯ ಬಗ್ಗೆ ಚಿಂತೆ ಬೇಡ. ಅದು ತಪ್ಪೊಪ್ಪಿಗೆಯಲ್ಲ, ಹೇಳಿದ ತಾರೀಖಿನೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆ ಅಂತ ಕೊಟ್ಟ ಮಾತು ಅಷ್ಟೇ. ಆ ಮಾತು ತಪ್ಪಿದರೆ ಮಾತ್ರ ದೊಡ್ಡ ತೊಂದರೆ, ಅದು ಬೇರೆಯದೇ ಅಪರಾಧವಾಗುತ್ತದೆ. ತಾರೀಖನ್ನು ಫೋನಿನಲ್ಲಿ ಗುರುತು ಹಾಕಿಕೊಂಡೇ ಮುಂದಿನ ಕೆಲಸ.

ಸೆಕ್ಷನ್ 22349(ಎ) ಅಂತಿದ್ದರೆ ಅದು ಗಂಟೆಗೆ 65 ಮೈಲಿಯ ಗರಿಷ್ಠ ಮಿತಿ, ಸಾಮಾನ್ಯವಾಗಿ ಫ್ರೀವೇ. ಇಲ್ಲಿ ಪ್ರಶ್ನೆ ಒಂದೇ: 65 ದಾಟಿದಿರಾ ಇಲ್ಲವಾ? ರಸ್ತೆ ಖಾಲಿ ಇತ್ತು, ಎಲ್ಲರೂ ಅದೇ ವೇಗದಲ್ಲಿದ್ದರು, ಹಿಂದಿನ ಟ್ರಕ್ ಒತ್ತುತ್ತಿತ್ತು, ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ. ಕಾರಿನ ಬಣ್ಣ ತಪ್ಪು ಬರೆದಿದ್ದಾರೆ ಅನ್ನುವಂಥ ಸಣ್ಣಪುಟ್ಟ ದೋಷದಿಂದಲೂ ಟಿಕೆಟ್ ಬಿದ್ದುಹೋಗುತ್ತದೆ ಅಂದುಕೊಳ್ಳಬೇಡಿ.

ಸೆಕ್ಷನ್ 22350 ಆದರೆ ಕಥೆಯೇ ಬೇರೆ. ಇದು ಊರೊಳಗಿನ ರಸ್ತೆಗಳಲ್ಲಿ ಹೆಚ್ಚಾಗಿ ಬರುವ ಟಿಕೆಟ್. ಈ ಕಾನೂನು ಹೇಳುವುದು ಇಷ್ಟು: ಹವಾಮಾನ, ಬೆಳಕು, ವಾಹನ ದಟ್ಟಣೆ, ರಸ್ತೆಯ ಮೇಲ್ಮೈ ಮತ್ತು ಅಗಲ ಇವನ್ನೆಲ್ಲ ಗಮನಿಸಿ ವಿವೇಕದ ವೇಗದಲ್ಲಿ ಓಡಿಸಬೇಕು. ಬೋರ್ಡಿನ ಮೇಲಿನ ಅಂಕಿ ದಾಟಿದರೆ ಮೇಲ್ನೋಟಕ್ಕೆ ತಪ್ಪು, ಆದರೆ ಆ ಹೊತ್ತಿನ ಪರಿಸ್ಥಿತಿಯಲ್ಲಿ ನಿಮ್ಮ ವೇಗ ಅಪಾಯಕಾರಿಯಾಗಿರಲಿಲ್ಲ ಅಂತ ತೋರಿಸುವ ಅವಕಾಶ ನಿಮಗಿದೆ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಇಂಥ ರಸ್ತೆಯಲ್ಲಿ ರೇಡಾರ್ ಹಿಡಿದು ಟಿಕೆಟ್ ಕೊಡಬೇಕಾದರೆ ಆ ವೇಗಮಿತಿಗೆ ಆಧಾರವಾಗಿ ಎಂಜಿನಿಯರಿಂಗ್ ಮತ್ತು ಟ್ರಾಫಿಕ್ ಸರ್ವೆ, ಅಂದರೆ ಅಲ್ಲಿ ವಾಹನಗಳು ನಿಜವಾಗಿ ಎಷ್ಟು ವೇಗದಲ್ಲಿ ಓಡುತ್ತವೆ ಅಂತ ಅಳೆದ ವರದಿ, ಇರಬೇಕು. ಸರ್ವೆ ಸಾಮಾನ್ಯವಾಗಿ 5 ವರ್ಷದೊಳಗಿನದಾಗಿರಬೇಕು. ಆಫೀಸರ್ 24 ಗಂಟೆಯ ರೇಡಾರ್ ತರಬೇತಿ ಪಡೆದಿದ್ದು ಯಂತ್ರವನ್ನು ಪರೀಕ್ಷೆ ಮಾಡಿಸಿದ್ದರೆ 7 ವರ್ಷ. ರಸ್ತೆಯಲ್ಲಿ ದೊಡ್ಡ ಬದಲಾವಣೆ ಆಗಿಲ್ಲ ಅಂತ ಎಂಜಿನಿಯರ್ ಬರೆದುಕೊಟ್ಟರೆ ಇನ್ನಷ್ಟು ಕಾಲ ನಡೆಯುತ್ತದೆ. ಇದಿಲ್ಲದೆ ಹಿಡಿದರೆ ವೆಹಿಕಲ್ ಕೋಡ್ 40802ರ ಪ್ರಕಾರ ಅದು ಸ್ಪೀಡ್ ಟ್ರ್ಯಾಪ್, ಅಂದರೆ ಕಾನೂನು ಒಪ್ಪದ ವೇಗದ ಬಲೆ, ಆ ಸಾಕ್ಷ್ಯ ನಡೆಯುವುದಿಲ್ಲ. ಶಾಲೆಯ ವಲಯ ಮತ್ತು ಮನೆಗಳ ನಡುವಿನ ಸಣ್ಣ ರಸ್ತೆಗಳಿಗೆ ಈ ಸರ್ವೆಯ ನಿಯಮ ಅನ್ವಯವಾಗುವುದಿಲ್ಲ. ಶಾಲೆ ಮುಂದೆ ವೇಗವಾಗಿ ಹೋಗಿ ಸಿಕ್ಕಿಬಿದ್ದವರಿಗೆ ದಾರಿ ಹುಡುಕಿಕೊಡುವ ಮನಸ್ಸು ನನಗೂ ಇಲ್ಲ.

ಸರ್ವೆ ಪಡೆಯುವುದು ಕಷ್ಟವಲ್ಲ. ಆ ನಗರದ ಪಬ್ಲಿಕ್ ವರ್ಕ್ಸ್ ಇಲಾಖೆಗೆ ಒಂದು ಇಮೇಲ್ ಸಾಕು. ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಕೇಳುತ್ತಿದ್ದೇನೆ ಅಂತ ಬರೆದು, ಯಾವ ರಸ್ತೆ, ಯಾವ ಕ್ರಾಸಿನಿಂದ ಯಾವ ಕ್ರಾಸಿನವರೆಗೆ ಅಂತ ಸ್ಪಷ್ಟವಾಗಿ ಹೇಳಿ. ದಾಖಲೆ ಕೊಡುತ್ತಾರೋ ಇಲ್ಲವೋ ಅನ್ನುವುದನ್ನು ಅವರು 10 ದಿನದಲ್ಲಿ ತಿಳಿಸಬೇಕು. ನನ್ನ ಟಿಕೆಟ್ 40ರ ರಸ್ತೆಯಲ್ಲಿ 53 ಅಂತ ಬಂದಿತ್ತು, ರೇಡಾರ್. ಇಮೇಲಿನಲ್ಲಿ ಬಂದದ್ದು ಸ್ಕ್ಯಾನ್ ಮಾಡಿದ ಒಂದೆರಡು ಹಾಳೆ. ಮೇಲ್ಗಡೆ ಅಳತೆ ಮಾಡಿದ ತಾರೀಖು, ಕೆಳಗೆ ಒಂದೊಂದು ವೇಗಕ್ಕೆ ಎಷ್ಟು ಕಾರು ಹೋದವು ಅಂತ ಪೆನ್ನಿನಲ್ಲಿ ಹಾಕಿದ ಗೀಟು, ಪಕ್ಕದಲ್ಲಿ 85ನೇ ಶೇಕಡಾಂಶದ ವೇಗ, ಅಂದರೆ ನೂರರಲ್ಲಿ ಎಂಬತ್ತೈದು ವಾಹನಗಳು ಯಾವ ವೇಗ ಮೀರದೆ ಹೋಗುತ್ತವೋ ಅದು. ಅಲ್ಲಿ 47 ಅಂತಿತ್ತು. ಮಿತಿಯನ್ನು 40ಕ್ಕೆ ಇಳಿಸಲು ಕಾರಣ ಬರೆಯಬೇಕಾದ ಜಾಗ ಖಾಲಿ. ತಾರೀಖಂತೂ ಎಲ್ಲ ಗಡುವನ್ನೂ ದಾಟಿತ್ತು. ಆ ಹಾಳೆ ನೋಡಿದ ಮೇಲೆಯೇ ನಾನು ಪ್ರಶ್ನಿಸುವ ತೀರ್ಮಾನ ಮಾಡಿದ್ದು.

ಇನ್ನು ದುಡ್ಡಿನ ಲೆಕ್ಕ. ಮಿತಿಗಿಂತ 15 ಮೈಲಿವರೆಗೆ ಹೆಚ್ಚಿದ್ದರೆ ಮೂಲ ದಂಡ 35 ಡಾಲರ್, ಆದರೆ ಅದರ ಮೇಲೆ ರಾಜ್ಯ, ಕೌಂಟಿ, ಕೋರ್ಟು ಎಲ್ಲರ ಶುಲ್ಕ ಸೇರಿ ಸುಮಾರು 238 ಆಗುತ್ತದೆ. 16ರಿಂದ 25 ಹೆಚ್ಚಾದರೆ ಸುಮಾರು 367, ಅದಕ್ಕೂ ಮೇಲೆ ಹೋದರೆ 490ರ ಹತ್ತಿರ. ಈ ದುಡ್ಡು ಒಂದೇ ಸಲದ್ದು. ತಪ್ಪಿಗೆ ಚಾಲಕರ ಹೆಸರಿಗೆ ಬೀಳುವ ಪಾಯಿಂಟ್ ಹಾಗಲ್ಲ. ಲೈಸೆನ್ಸ್ ಕೊಡುವ ರಾಜ್ಯದ ಇಲಾಖೆಯಾದ ಡಿಎಂವಿಯ ದಾಖಲೆಯಲ್ಲಿ ಮೂರು ವರ್ಷಕ್ಕೂ ಮೇಲೆ ಕೂತು ಇನ್ಶೂರೆನ್ಸ್ ಏರಿಸುತ್ತದೆ. 1988ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 103 ಅನ್ನುವ ಕಾನೂನಿನ ಪ್ರಕಾರ ಒಳ್ಳೆಯ ಚಾಲಕರಿಗೆ ಕನಿಷ್ಠ ಶೇ. 20 ರಿಯಾಯಿತಿ ಕೊಡಲೇಬೇಕು, ಆದರೆ ಮೂರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪಾಯಿಂಟ್ ಇರಬಾರದು. ಮನೆಯಲ್ಲಿ ಎರಡು ಕಾರಿನ ಪ್ರೀಮಿಯಂ ಕಟ್ಟುವವರು ಇದನ್ನು ಹಾಕಿ ನೋಡಿ, ದಂಡ ಚಿಕ್ಕದಾಗಿ ಕಾಣುತ್ತದೆ.

ಪಾಯಿಂಟ್ ಇನ್ಶೂರೆನ್ಸ್ ಕಣ್ಣಿಗೆ ಬೀಳದಂತೆ ಮಾಡುವ ದಾರಿ ಟ್ರಾಫಿಕ್ ಸ್ಕೂಲ್, ಅಂದರೆ ಸಂಚಾರ ನಿಯಮಗಳ ಒಂದು ಚಿಕ್ಕ ಕೋರ್ಸ್. 18 ತಿಂಗಳಿಗೊಮ್ಮೆ ಸಿಗುತ್ತದೆ, ಮನೆಯಲ್ಲೇ ಕೂತು ಮುಗಿಸಬಹುದು. ದಂಡವನ್ನೂ ಕಟ್ಟಬೇಕು, ಮೇಲೆ ಕೋರ್ಟಿನ ಶುಲ್ಕ, ಸ್ಕೂಲಿನ ಶುಲ್ಕ. ಮಿತಿಗಿಂತ 25 ಮೈಲಿಗೂ ಹೆಚ್ಚು ಓಡಿಸಿದ್ದರೆ ಕೌಂಟರಿನಲ್ಲಿ ಕೊಡುವುದಿಲ್ಲ, ಜಡ್ಜ್ ಮುಂದೆಯೇ ಕೇಳಬೇಕು. ಬಹಳ ಜನ ಎಡವುವುದು ಇಲ್ಲಿಯೇ: ಸುಮ್ಮನೆ ದುಡ್ಡು ಕಟ್ಟಿದರೆ ತಪ್ಪಿತಸ್ಥರು ಅಂತಲೇ ದಾಖಲಾಗಿ ಪಾಯಿಂಟ್ ಬೀಳುತ್ತದೆ. ಕಟ್ಟುವಾಗಲೇ ಟ್ರಾಫಿಕ್ ಸ್ಕೂಲ್ ಬೇಕು ಅಂತ ಆರಿಸಿಕೊಳ್ಳಬೇಕು.

ಮೊನ್ನೆ ಹಾಸನದ ಕಡೆಯ ಹುಡುಗನೊಬ್ಬ 880 ಫ್ರೀವೇಯಲ್ಲಿ 84 ಮೈಲಿ ವೇಗಕ್ಕೆ ಸಿಕ್ಕಿ ಬಂದ. ಸೆಕ್ಷನ್ 22349(ಎ), ದಾಖಲೆಯಲ್ಲಿ ಏನೂ ಇಲ್ಲ. "ಆಫೀಸರ್ ಕೋರ್ಟಿಗೆ ಬರದಿದ್ರೆ ಕೇಸ್ ಬಿದ್ದೋಗತ್ತಂತಲ್ಲ ಅಕ್ಕಾ" ಅಂದ. ಬೀಳಬಹುದು, ನಿಜ. ಆದರೆ ಬಂದು, ನೀನು ಸೋತರೆ ಟ್ರಾಫಿಕ್ ಸ್ಕೂಲ್ ಕೊಡುವುದು ಜಡ್ಜ್ ವಿವೇಚನೆಗೆ ಬಿಟ್ಟದ್ದು. ಖಚಿತವಾಗಿ ಸಿಗುವುದನ್ನು ಬಿಟ್ಟು ಇನ್ನೊಬ್ಬರ ಗೈರುಹಾಜರಿಯನ್ನು ನಂಬಬೇಡಪ್ಪಾ ಅಂದೆ. ಕಟ್ಟಿ, ಸ್ಕೂಲ್ ಮುಗಿಸಿದ. ಅವನೇ 18 ತಿಂಗಳೊಳಗೆ ಒಮ್ಮೆ ಸ್ಕೂಲ್ ಬಳಸಿಕೊಂಡಿದ್ದರೆ, ಕಳೆದುಕೊಳ್ಳುವುದು ಕಡಿಮೆ ಇರುವುದರಿಂದ ಪ್ರಶ್ನಿಸು ಅಂತಲೇ ಹೇಳುತ್ತಿದ್ದೆ.

ಪ್ರಶ್ನಿಸಬೇಕು ಅಂತಾದರೆ ಕೋರ್ಟಿಗೆ ಹೋಗದೆ ಬರವಣಿಗೆಯಲ್ಲೇ ವಿಚಾರಣೆ ಕೇಳಬಹುದು. ಟಿಆರ್-205 ಫಾರ್ಮ್ ತುಂಬಿ, ದಂಡದ ಪೂರ್ತಿ ಮೊತ್ತವನ್ನು ಠೇವಣಿ ಇಟ್ಟು, ನಿಮ್ಮ ಹೇಳಿಕೆ ಕಳಿಸುತ್ತೀರಿ. ಆಫೀಸರೂ ಬರೆದು ಕಳಿಸಬೇಕು. ಗೆದ್ದರೆ ಠೇವಣಿ ವಾಪಸ್. ಸೋತರೆ, ತೀರ್ಪು ಅಂಚೆಗೆ ಹಾಕಿದ ದಿನದಿಂದ 20 ದಿನದೊಳಗೆ ಟಿಆರ್-220 ಫಾರ್ಮ್ ಕೊಟ್ಟು ಹೊಸದಾಗಿ, ಈ ಸಲ ಎದುರಾಬದುರು, ವಿಚಾರಣೆ ಕೇಳಬಹುದು. ಕೆಲವು ಕೌಂಟಿಗಳಲ್ಲಿ ಆನ್‌ಲೈನ್ ವಿಚಾರಣೆ ಬಂದಿರುವುದರಿಂದ ನಿಮ್ಮ ಕೋರ್ಟಿನ ವೆಬ್‌ಸೈಟ್ ನೋಡಿಯೇ ಮುಂದುವರಿಯಿರಿ.

ಹೇಳಿಕೆ ಒಂದು ಪುಟ ಮೀರದಿರಲಿ. ರಸ್ತೆ ಒಣಗಿತ್ತು, ಮಧ್ಯಾಹ್ನದ ಬೆಳಕಿತ್ತು, ಎಷ್ಟು ಲೇನ್, ಪಾದಚಾರಿಗಳಿದ್ದರೋ ಇಲ್ಲವೋ, ಇದನ್ನೇ ನೇರವಾಗಿ ಬರೆಯಿರಿ. ಅದೇ ವಾರ, ಅದೇ ಹೊತ್ತಿಗೆ ಫುಟ್‌ಪಾತಿನಲ್ಲಿ ನಿಂತು ತೆಗೆದ ಫೋಟೋ ಲಗತ್ತಿಸಿ, ಸರ್ವೆಯ ಪ್ರತಿಯನ್ನೂ ಸೇರಿಸಿ. "ಸೋತರೆ ಟ್ರಾಫಿಕ್ ಸ್ಕೂಲ್ ಕೊಡಬೇಕಾಗಿ ಕೋರುತ್ತೇನೆ" ಅನ್ನುವ ಸಾಲು ಕೊನೆಗೆ ಇರಲೇಬೇಕು. ಈ ಹೇಳಿಕೆಗೆ ನೀವು ಪ್ರಮಾಣ ಮಾಡಿ ಸಹಿ ಹಾಕುತ್ತೀರಿ, ಸುಳ್ಳು ಬರೆದರೆ ಅದೇ ಅಪರಾಧ. ಸ್ಪೀಡೋಮೀಟರ್ ನೋಡಿರದಿದ್ದರೆ "ನಾನು 40ರಲ್ಲೇ ಇದ್ದೆ" ಅಂತ ಬರೆಯಲೇಬೇಡಿ. ನನ್ನ ಕೇಸಿನಲ್ಲಿ ಅಪರಾಧಿಯಲ್ಲ ಅಂತ ತೀರ್ಪು ಬಂತು, ಕಾರಣ ಬರೆದಿರಲಿಲ್ಲ, ಠೇವಣಿ ಚೆಕ್ಕಿನಲ್ಲಿ ಬಂತು.

ಎದುರು ನಿಂತು ವಾದಿಸಬೇಕಾಗಿ ಬಂದರೆ, ಇಂಗ್ಲಿಷ್ ಕಷ್ಟವಾಗುವ ಅಪ್ಪ ಅಮ್ಮಂದಿರಿಗೆ ಕನ್ನಡದ ದುಭಾಷಿ ಬೇಕು ಅಂತ ಮುಂಚೆಯೇ ಅರ್ಜಿ ಕೊಡಿ, ಅದಕ್ಕೆ ದುಡ್ಡಿಲ್ಲ. ಇಲ್ಲಿ ಜ್ಯೂರಿ ಇರುವುದಿಲ್ಲ, ನಿಮ್ಮ ಪರವಾಗಿ ವಾದಿಸಲು ಸರ್ಕಾರ ವಕೀಲರನ್ನೂ ಕೊಡುವುದಿಲ್ಲ.

ಗಂಟೆಗೆ 100 ಮೈಲಿ ದಾಟಿದ ಟಿಕೆಟ್ ಆದರೆ ಇದನ್ನೆಲ್ಲ ಬದಿಗಿಟ್ಟು ವಕೀಲರ ಹತ್ತಿರ ಹೋಗಿ. ಅದಕ್ಕೆ ಎರಡು ಪಾಯಿಂಟ್, ಲೈಸೆನ್ಸ್ ಅಮಾನತಾಗುವ ಸಂಭವ. ಪೌರತ್ವದ ಎನ್-400 ಅರ್ಜಿಯಲ್ಲಿ, ಬಂಧನವಾಗದೆ, ಮದ್ಯ ಅಥವಾ ಡ್ರಗ್ಸ್ ಸಂಬಂಧವಿಲ್ಲದೆ, 500 ಡಾಲರಿಗಿಂತ ಕಡಿಮೆ ದಂಡ ಬಿದ್ದ ಟ್ರಾಫಿಕ್ ಪ್ರಕರಣಕ್ಕೆ ದಾಖಲೆ ಲಗತ್ತಿಸುವ ಅಗತ್ಯವಿಲ್ಲ. 100 ದಾಟಿದವರ ದಂಡ ಆ ಗೆರೆಯ ಆಚೆ ಹೋಗಬಹುದು. ಸ್ಯಾನ್ ಫ್ರಾನ್ಸಿಸ್ಕೋದ ವೇಗದ ಕ್ಯಾಮೆರಾದಿಂದ ಅಂಚೆಯಲ್ಲಿ ಬರುವ ನೋಟಿಸೂ ಬೇರೆಯದೇ. ಅದು ಕಾರಿನ ಮಾಲೀಕರಿಗೆ ಬರುವ ಸಿವಿಲ್ ದಂಡ, 50 ಡಾಲರಿನಿಂದ ಶುರು, ಪಾಯಿಂಟ್ ಇಲ್ಲ.

ಟ್ರಾಫಿಕ್ ಸ್ಕೂಲ್ ಮುಗಿಸಿದವರು ಸ್ವಲ್ಪ ದಿನ ಬಿಟ್ಟು ಡಿಎಂವಿ ಸೈಟಿನಲ್ಲಿ 2 ಡಾಲರ್ ಕೊಟ್ಟು ತಮ್ಮ ಡ್ರೈವಿಂಗ್ ದಾಖಲೆ ಇಳಿಸಿಕೊಂಡು ನೋಡಿ. ಪಾಯಿಂಟ್ ಅಲ್ಲಿ ಕಾಣಿಸಿದರೆ ಸ್ಕೂಲಿನ ಪ್ರಮಾಣಪತ್ರ ಹಿಡಿದು ಕೋರ್ಟಿನ ಕ್ಲರ್ಕ್‌ಗೆ ಕೇಳಿ, ಪಾಲಿಸಿ ನವೀಕರಣದ ತಿಂಗಳು ಬರುವ ಮೊದಲೇ.