ಗಿಟ್ ಪುಷ್ ಮಾಡಿದರೆ ಸಾಕು: ವೆಬ್ ಆ್ಯಪ್‌ನ ಬಿಲ್ಡ್, ಡಿಪ್ಲಾಯ್ ತಾನಾಗಿ ನಡೆಯುವಂತೆ ಮಾಡುವುದು ಹೇಗೆ?

ನೋಡ್‌ಜೆಎಸ್‌ನಲ್ಲಿ ಬರೆದ ಆ್ಯಪ್‌ನ ಕೋಡ್ ಗಿಟ್‌ಹಬ್‌ನಲ್ಲಿದೆ, ಬಾಡಿಗೆಯ ಲಿನಕ್ಸ್ ಸರ್ವರ್‌ನಲ್ಲಿ ಡಾಕರ್ (ಆ್ಯಪನ್ನು ಅದಕ್ಕೆ ಬೇಕಾದುದೆಲ್ಲದರ ಸಮೇತ ಪೊಟ್ಟಣ ಕಟ್ಟಿ ಓಡಿಸುವ ತಂತ್ರಾಂಶ) ಇದೆ ಎಂದಿಟ್ಟುಕೊಳ್ಳೋಣ. ಸರ್ವರ್‌ಗೆ ಲಾಗಿನ್ ಆಗಿ ಅಲ್ಲಿಯೇ ಬಿಲ್ಡ್ ಮಾಡುವ (ಕೋಡನ್ನು ಓಡಿಸಲು ಸಿದ್ಧಗೊಳಿಸುವ) ರೂಢಿ ಹಲವು ತಂಡಗಳಲ್ಲಿ ಈಗಲೂ ಇದೆ. ಮೆಮೊರಿ ಕಡಿಮೆಯಿರುವ ಸರ್ವರ್ ಆ ಭಾರಕ್ಕೆ ತತ್ತರಿಸಿ, ಓಡುತ್ತಿದ್ದ ಆ್ಯಪ್ ಕೂಡ ನಿಂತುಹೋಗುತ್ತದೆ. ಬಿಲ್ಡ್ ಬೇರೆಡೆ ನಡೆಯಬೇಕು; ಸರ್ವರ್‌ಗೆ ಸಿದ್ಧ ಇಮೇಜ್ (ಡಾಕರ್ ಕಟ್ಟಿದ ಪೊಟ್ಟಣ) ಮಾತ್ರ ಬರಬೇಕು.

ಮೊದಲ ಕೆಲಸ ಡಾಕರ್‌ಫೈಲ್, ಅಂದರೆ ಇಮೇಜ್ ಕಟ್ಟುವ ಹಂತಗಳ ಪಟ್ಟಿ, ಬರೆಯುವುದು. ಹೆಚ್ಚಿನವರು ಎಡವುವುದೂ ಇಲ್ಲಿಯೇ. ಡಾಕರ್ ಇಮೇಜನ್ನು ಪದರ ಪದರವಾಗಿ ಕಟ್ಟುತ್ತದೆ. ಒಂದು ಪದರ ಬದಲಾದರೆ ಅದರ ನಂತರದ ಪದರಗಳನ್ನೆಲ್ಲ ಹೊಸದಾಗಿ ಕಟ್ಟುತ್ತದೆ. ಆದ್ದರಿಂದ ಇಡೀ ಕೋಡನ್ನು ಮೊದಲೇ ಕಾಪಿ ಮಾಡಿದರೆ, ಒಂದು ಬಟನ್‌ನ ಬಣ್ಣ ಬದಲಿಸಿದಾಗಲೂ ಆ್ಯಪ್ ಬಳಸುವ ಪ್ಯಾಕೇಜ್‌ಗಳೆಲ್ಲ (ಇತರರು ಬರೆದ ಸಿದ್ಧ ಕೋಡ್) ಮತ್ತೆ ಡೌನ್‌ಲೋಡ್ ಆಗುತ್ತವೆ. ಮೊದಲು ಪ್ಯಾಕೇಜ್ ಜೇಸನ್ (ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ಮತ್ತು ಲಾಕ್ ಫೈಲ್ (ಅವುಗಳ ನಿಖರ ಆವೃತ್ತಿಗಳ ದಾಖಲೆ) ಇವೆರಡನ್ನೇ ಕಾಪಿ ಮಾಡಿ, ಪ್ಯಾಕೇಜ್‌ಗಳನ್ನು ತಂದು ಹಾಕುವ ‘ಎನ್‌ಪಿಎಂ ಸಿಐ’ ಆದೇಶ ಓಡಿಸಿ, ಉಳಿದ ಕೋಡನ್ನು ಆಮೇಲೆ ತನ್ನಿ. ‘ಎನ್‌ಪಿಎಂ ಇನ್‌ಸ್ಟಾಲ್’ ಬೇಡ. ಅದು ಸದ್ದಿಲ್ಲದೆ ಲಾಕ್ ಫೈಲನ್ನೇ ತಿದ್ದಬಹುದು. ‘ಸಿಐ’ ಆದರೋ ಎರಡೂ ಫೈಲ್‌ಗಳು ತಾಳೆಯಾಗದಿದ್ದರೆ ಎರರ್ ತೋರಿಸಿ ಅಲ್ಲಿಯೇ ನಿಲ್ಲುತ್ತದೆ. ಪಾಸ್‌ವರ್ಡ್ ಇರುವ ಫೈಲನ್ನು ಕಾಪಿ ಮಾಡಿ ಮುಂದಿನ ಸಾಲಿನಲ್ಲಿ ಅಳಿಸಿದರೆ ಸಾಕೆಂದು ನಂಬಿರುವವರಿದ್ದಾರೆ. ಅಳಿಸಿದ ಫೈಲ್ ಹಿಂದಿನ ಪದರದಲ್ಲಿ ಹಾಗೆಯೇ ಉಳಿದಿರುತ್ತದೆ, ಇಮೇಜ್ ಸಿಕ್ಕವರು ಅದನ್ನು ಹೊರತೆಗೆಯಬಲ್ಲರು. ಅಂತಹ ಫೈಲ್‌ಗಳ ಹೆಸರನ್ನು ಡಾಕರ್‌ಇಗ್ನೋರ್ ಫೈಲ್‌ನಲ್ಲಿ ಬರೆದಿಡಿ, ಆಗ ಅವು ಇಮೇಜ್‌ಗೆ ಸೇರುವುದಿಲ್ಲ. ಬೇಸ್ ಇಮೇಜ್ (ಅಡಿಪಾಯವಾಗುವ ಇಮೇಜ್) ಆಗಿ ಆಲ್ಪೈನ್ ಲಿನಕ್ಸ್ ಚಿಕ್ಕದು ನಿಜ. ಆದರೆ ಅದರ ಸಿ ಲೈಬ್ರರಿ ಹೆಚ್ಚಿನ ಲಿನಕ್ಸ್‌ಗಳಲ್ಲಿರುವ ಗ್ಲಿಬ್‌ಸಿ ಅಲ್ಲ, ಮಸಲ್. ಹಾಗಾಗಿ ನೇಟಿವ್ ಮಾಡ್ಯೂಲ್‌ಗಳು (ಸಿ, ಸಿ++ನಂತಹ ಭಾಷೆಗಳಲ್ಲಿ ಬರೆದ ಭಾಗಗಳು) ಕೆಲವೊಮ್ಮೆ ಕೈಕೊಡುತ್ತವೆ. ಡೆಬಿಯನ್ ಆಧಾರಿತ ಸ್ಲಿಮ್ ಇಮೇಜನ್ನೇ ಬಳಸಿ.

ಎರಡನೆಯದು ಗಿಟ್‌ಹಬ್ ಆ್ಯಕ್ಷನ್ಸ್, ಅಂದರೆ ಇಂತಹ ಕೆಲಸಗಳನ್ನು ತಾನಾಗಿ ನಡೆಸುವ ಗಿಟ್‌ಹಬ್‌ನ ಸೌಲಭ್ಯ. ಮೇನ್ ಬ್ರಾಂಚ್‌ಗೆ (ಕೋಡ್‌ನ ಮುಖ್ಯ ಕವಲಿಗೆ) ಪುಷ್ ಆದೊಡನೆ ಟೆಸ್ಟ್ ಓಡಿ, ಪಾಸಾದರೆ ಮಾತ್ರ ಇಮೇಜ್ ಬಿಲ್ಡ್ ಆಗಿ ರಿಜಿಸ್ಟ್ರಿಗೆ (ಇಮೇಜ್‌ಗಳ ಉಗ್ರಾಣಕ್ಕೆ) ಹೋಗುವಂತೆ ಹಂತಗಳನ್ನು ಹೇಳುವ ಯಾಮಲ್ ಫೈಲ್ ಬರೆಯಿರಿ. ಅಂತರ್ಜಾಲದಲ್ಲಿ ಸಿಗುವ ಯಾಮಲ್‌ಗಳಲ್ಲಿ ಅಪರಿಚಿತರ ಆ್ಯಕ್ಷನ್‌ಗಳು (ಸಿದ್ಧ ಹಂತಗಳು) ಸೇರಿರುತ್ತವೆ, ಅವನ್ನು ಕಣ್ಣುಮುಚ್ಚಿ ಅಂಟಿಸಬಾರದು. ಬಳಸಲೇಬೇಕಾದರೆ ವರ್ಷನ್ ಹೆಸರಿನ ಬದಲು ಪೂರ್ಣ ಕಮಿಟ್ ಹ್ಯಾಶ್ (ಕೋಡ್‌ನ ಪ್ರತಿ ಬದಲಾವಣೆಗೆ ಗಿಟ್ ಕೊಡುವ ಗುರುತು) ನಮೂದಿಸಿ.

ಇಮೇಜ್‌ಗೆ ‘ಲೇಟೆಸ್ಟ್’ ಎಂಬ ಟ್ಯಾಗ್ ಕೊಟ್ಟು ಕೈತೊಳೆದುಕೊಳ್ಳಬೇಡಿ. ಸರ್ವರ್‌ನಲ್ಲಿ ಓಡುತ್ತಿರುವುದು ಯಾವ ಕೋಡ್ ಎಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ. ಕಮಿಟ್ ಹ್ಯಾಶನ್ನೇ ಟ್ಯಾಗ್ ಮಾಡಿದರೆ, ಹೊಸ ಆವೃತ್ತಿ ಕೆಟ್ಟಾಗ ಕಂಪೋಸ್ ಫೈಲ್‌ನಲ್ಲಿ (ಯಾವ ಇಮೇಜ್ ಓಡಿಸಬೇಕೆಂದು ಡಾಕರ್‌ಗೆ ಹೇಳುವ ಫೈಲ್) ಹಳೆಯ ಹ್ಯಾಶ್ ಬರೆದು ಹಿಂದಕ್ಕೆ ಹೋಗಬಹುದು.

ಕೊನೆಗೆ, ಆ್ಯಕ್ಷನ್ಸ್ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಸರ್ವರ್‌ಗೆ ಹೋಗಿ, ಕಂಪೋಸ್ ಫೈಲ್‌ನಲ್ಲಿ ಹೊಸ ಹ್ಯಾಶ್ ಬರೆದು, ‘ಡಾಕರ್ ಕಂಪೋಸ್ ಪುಲ್’, ಬಳಿಕ ‘ಅಪ್’ ಓಡಿಸಲಿ, ಲಾಗಿನ್‌ನ ಕೀಯನ್ನು ಗಿಟ್‌ಹಬ್‌ನ ಸೀಕ್ರೆಟ್ಸ್‌ನಲ್ಲಿಡಿ. ಹಳೆಯ ಕಂಟೇನರ್ (ಇಮೇಜ್‌ನಿಂದ ಓಡುತ್ತಿರುವ ಆ್ಯಪ್) ಪ್ರತಿ ಸಲವೂ ಸರಿಯಾಗಿ 10 ಸೆಕೆಂಡ್ ತಡಮಾಡಿ ನಿಲ್ಲುತ್ತಿದ್ದರೆ, ನಿಲ್ಲಿಸುವ ಸಿಗ್ನಲ್ಲಿಗೆ ನಿಮ್ಮ ಆ್ಯಪ್ ಓಗೊಡುತ್ತಿಲ್ಲ, ಗಡುವು ಮುಗಿದ ಮೇಲೆ ಡಾಕರ್ ಅದನ್ನು ಬಲವಂತವಾಗಿ ಕೊಲ್ಲುತ್ತಿದೆ ಎಂದರ್ಥ. ಡಾಕರ್‌ಫೈಲ್‌ನ ಕೊನೆಯ ಸಾಲಿನಲ್ಲಿ ನೋಡ್ ಅನ್ನು ಶೆಲ್ ಮೂಲಕ ಓಡಿಸದೆ ನೇರವಾಗಿ ಓಡಿಸಿ, ಆ್ಯಪ್‌ನ ಕೋಡ್‌ನಲ್ಲಿ ಸಿಗ್‌ಟರ್ಮ್ ಎಂಬ ಆ ನಿಲ್ಲಿಸುವ ಸಿಗ್ನಲ್ಲನ್ನು ನಿಭಾಯಿಸಿ.

ಹಳೆಯ ಇಮೇಜ್‌ಗಳು ಡಿಸ್ಕ್ ತುಂಬಿಸುತ್ತವೆ. ವಾರಕ್ಕೊಮ್ಮೆ ‘ಡಾಕರ್ ಇಮೇಜ್ ಪ್ರೂನ್’ ಓಡುವಂತೆ ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಆದೇಶ ಓಡಿಸುವ ಲಿನಕ್ಸ್ ಸೌಲಭ್ಯ) ಹಾಕಿಡಿ, ಟ್ಯಾಗ್ ಇರುವ ಇಮೇಜ್‌ಗಳೂ ಹೋಗಬೇಕಾದ್ದರಿಂದ ‘ಎ’ ಆಯ್ಕೆಯನ್ನೂ, ಒಪ್ಪಿಗೆ ಕೇಳುತ್ತಾ ನಿಲ್ಲದಿರಲು ‘ಎಫ್’ ಆಯ್ಕೆಯನ್ನೂ ಸೇರಿಸಲು ಮರೆಯಬೇಡಿ.