ಖಾಲಿ ಮನೆಗೆ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ: ಬೀಗ ಹಾಕುವ ಮುಂಚೆ ಫೋಟೊ ತೆಗೆಯಿರಿ

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರು ವರ್ಷಕ್ಕೆ ನಾಲ್ಕೈದು ಸಲವಾದರೂ ಫೋನ್ ಮಾಡಿ ಒಂದೇ ಮಾತು ಹೇಳುತ್ತಾರೆ. ‘ಅಕ್ಕಾ, ಎರಡು ತಿಂಗಳು ಮನೇಲಿ ಯಾರೂ ಇರಲಿಲ್ಲ. ಆದರೂ ಕೌನ್ಸಿಲ್ ಟ್ಯಾಕ್ಸ್ ಪೂರ್ತಿ ಕಟ್ಟಿ ಅಂತಿದ್ದಾರೆ.’ ಕೌನ್ಸಿಲ್ ಅಂದರೆ ಸ್ಥಳೀಯ ಆಡಳಿತ, ಅದಕ್ಕೆ ಕಟ್ಟುವ ಮನೆ ತೆರಿಗೆಯೇ ಕೌನ್ಸಿಲ್ ಟ್ಯಾಕ್ಸ್. ನಾನು ಕೇಳುವುದೂ ಒಂದೇ. ‘ಖಾಲಿ ಮಾಡಿದ ದಿನ ಫೋಟೊ ತೆಗೆದಿದ್ರಾ?’ ಅಲ್ಲಿಗೆ ಆ ಕಡೆ ಮಾತು ನಿಲ್ಲುತ್ತದೆ.

ಬೆಂಗಳೂರಿನ ಮನೆ ತೆರಿಗೆಯನ್ನು ಏಪ್ರಿಲ್ ಮುಗಿಯುವುದರೊಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ತಾನಾಗೇ ಸಿಗುತ್ತದೆ. ಅದಕ್ಕೆ ಯಾವ ಪುರಾವೆಯೂ ಬೇಡ. ಆ ಅಭ್ಯಾಸದಲ್ಲೇ ಇಂಗ್ಲೆಂಡಿಗೆ ಬಂದವರು ಮೋಸಹೋಗುತ್ತಾರೆ. ಇಲ್ಲಿ ಖಾಲಿ ಮನೆಯ ರಿಯಾಯಿತಿಯನ್ನು ಕೇಳಿ ಪಡೆಯಬೇಕು, ತೋರಿಸಿ ಪಡೆಯಬೇಕು. ತೋರಿಸಬೇಕಾದ ದಿನ ದಾಟಿಹೋದರೆ ಅದನ್ನು ಮತ್ತೆ ತರಲು ಆಗುವುದಿಲ್ಲ.

ಹಂತ 1: ನಿಮ್ಮ ಕೌನ್ಸಿಲ್ ಏನು ಕೊಡುತ್ತದೆ ನೋಡಿ

2013ರ ಮಾರ್ಚ್‌ವರೆಗೆ ಇಂಗ್ಲೆಂಡಿನಲ್ಲಿ ಸಾಮಾನು ತೆಗೆದ ಖಾಲಿ ಮನೆಗೆ ಆರು ತಿಂಗಳು ತೆರಿಗೆಯೇ ಇರಲಿಲ್ಲ. ಆ ವರ್ಷದ ಏಪ್ರಿಲ್ 1ರಿಂದ ಅದನ್ನು ಆಯಾ ಕೌನ್ಸಿಲ್‌ಗಳಿಗೆ ಬಿಟ್ಟರು. ಶೇ 100 ಕೊಡಬಹುದು, ಏನೂ ಕೊಡದೆಯೂ ಇರಬಹುದು. ಹಾಗಾಗಿ ಪಕ್ಕದ ಊರಿನ ಸ್ನೇಹಿತರಿಗೆ ಒಂದು ತಿಂಗಳು ಮಾಫಿ ಆಯಿತು ಅಂತ ನಿಮಗೂ ಆಗುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಖಾಲಿ ಮನೆಗಳ ಪುಟ ಇರುತ್ತದೆ, ಓದಲು ಎರಡು ನಿಮಿಷ ಸಾಕು. ವೇಲ್ಸ್‌ನಲ್ಲಿ ಹಳೆಯ ಆರು ತಿಂಗಳ ವಿನಾಯಿತಿ ಇನ್ನೂ ಉಳಿದಿದೆ. ಸ್ಕಾಟ್ಲೆಂಡಿನ ನಿಯಮ ಬೇರೆ. ಉತ್ತರ ಐರ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸೇ ಇಲ್ಲ, ಅಲ್ಲಿ ರೇಟ್ಸ್ ಅನ್ನುವ ಬೇರೆ ತೆರಿಗೆ ಕಟ್ಟುತ್ತಾರೆ. ಈ ಲೇಖನ ಇಂಗ್ಲೆಂಡಿನವರಿಗೆ.

ರಿಯಾಯಿತಿ ಇಲ್ಲ ಅನ್ನುವ ಕೌನ್ಸಿಲ್ ಕೂಡ ಕೊಡಲೇಬೇಕಾದ ಕೆಲವು ವಿನಾಯಿತಿಗಳಿವೆ. ಮನೆಯ ಯಜಮಾನರು ತೀರಿಕೊಂಡು ಮನೆ ಖಾಲಿ ಬಿದ್ದಿದ್ದರೆ ಪ್ರೊಬೇಟ್ (ತೀರಿಕೊಂಡವರ ಆಸ್ತಿ ವಿಲೇವಾರಿಗೆ ಸಿಗುವ ಕಾನೂನಿನ ಅನುಮತಿ) ಆಗುವವರೆಗೆ, ಆಮೇಲೂ ಆರು ತಿಂಗಳವರೆಗೆ ತೆರಿಗೆ ಇಲ್ಲ. ಕೇರ್ ಹೋಮಿಗೆ ಹೋಗಿ ಅಲ್ಲೇ ನೆಲೆಸಿದವರ ಮನೆಗೂ ವಿನಾಯಿತಿ ಇದೆ. ವಯಸ್ಸಾದವರನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳಲು ಬೇರೆ ಕಡೆ ಹೋಗಿ ನೆಲೆಸಿದವರ ಖಾಲಿ ಮನೆಗೂ ಇದೆ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಹೊರಟವರು ದಯವಿಟ್ಟು ಇದನ್ನು ಕೇಳದೆ ಬಿಡಬೇಡಿ. ವೈದ್ಯರ ಪತ್ರ ಜೊತೆಗಿಡಿ. ಇದಕ್ಕೆ ಸಾಮಾನು ತೆಗೆಯಬೇಕಾದ್ದೂ ಇಲ್ಲ.

ಹಂತ 2: ಯಾವ ದಿನದಿಂದ ಖಾಲಿ ಅಂತ ಗೊತ್ತುಮಾಡಿಕೊಳ್ಳಿ

ಬಾಡಿಗೆದಾರರು ಹೋದ ಮನೆಯಾದರೆ ಒಪ್ಪಂದ ಮುಗಿದ ದಿನ ಮತ್ತು ಸಾಮಾನು ಹೊರಗೆ ಹೋದ ದಿನ, ಎರಡನ್ನೂ ಬರೆದಿಟ್ಟುಕೊಳ್ಳಿ. ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ.

ಮನೆ ಕೊಂಡವರಿಗೆ ಇಲ್ಲೊಂದು ತೊಡಕಿದೆ. ರಿಯಾಯಿತಿಯ ಲೆಕ್ಕ ಮನೆಗೆ ಅಂಟಿಕೊಂಡಿರುತ್ತದೆ, ಮಾಲೀಕರಿಗಲ್ಲ. ಮಾರಿದವರು ಮೂರು ವಾರದ ಹಿಂದೆಯೇ ಖಾಲಿ ಮಾಡಿ ಹೋಗಿದ್ದರೆ, ಒಂದು ತಿಂಗಳ ರಿಯಾಯಿತಿಯಲ್ಲಿ ನಿಮಗೆ ಉಳಿಯುವುದು ಒಂದು ವಾರ ಅಷ್ಟೇ. ನಮ್ಮವರಲ್ಲಿ ಇದು ಜಾಸ್ತಿ ಹೊಡೆತ ಕೊಡುವುದು ಆಷಾಢದಲ್ಲಿ. ಬೀಗದ ಕೈ ಜುಲೈ ಮೊದಲ ವಾರ ಸಿಗುತ್ತದೆ, ಗೃಹಪ್ರವೇಶಕ್ಕೆ ಶ್ರಾವಣ ಬರಲಿ ಅಂತ ಕಾಯುತ್ತಾರೆ. ತೆರಿಗೆ ಮಾತ್ರ ಬೀಗದ ಕೈ ಬಂದ ದಿನದಿಂದಲೇ ನಿಮ್ಮ ಹೆಸರಿಗೆ ಬರುತ್ತದೆ. ಕಾಯುವುದು ನಿಮ್ಮ ನಂಬಿಕೆ, ಕಾಯಿರಿ. ಆದರೆ ಆ ದಿನಗಳಲ್ಲಿ ‘ಸುಮ್ನೆ ಇರಲಿ’ ಅಂತ ಒಂದು ಮಂಚ, ಎರಡು ಕುರ್ಚಿ ತಂದು ಇಡಬೇಡಿ. ಯಾಕೆ ಅನ್ನುವುದು ಮುಂದಿನ ಹಂತದಲ್ಲಿದೆ.

ಹಂತ 3: ಸಾಮಾನು ಪೂರ್ತಿ ತೆಗೆಯಿರಿ

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಯಾರೂ ವಾಸ ಇಲ್ಲದ ಮನೆ ಖಾಲಿ ಮನೆ ಅಂತ ನಾವು ಅಂದುಕೊಳ್ಳುತ್ತೇವೆ. ಕೌನ್ಸಿಲ್‌ಗೆ ಅಷ್ಟು ಸಾಲದು. ಮನೆಯಲ್ಲಿ ಪೀಠೋಪಕರಣ ಹೆಚ್ಚುಕಡಿಮೆ ಇರಲೇಬಾರದು. ಸಾಮಾನು ಇದ್ದರೆ ಅದು ‘ಎರಡನೇ ಮನೆ’ಯ ಲೆಕ್ಕಕ್ಕೆ ಹೋಗುತ್ತದೆ. 2025ರ ಏಪ್ರಿಲ್ 1ರಿಂದ ಅಂಥ ಮನೆಗೆ ದುಪ್ಪಟ್ಟು ತೆರಿಗೆ ಹಾಕುವ ಅಧಿಕಾರವೂ ಕೌನ್ಸಿಲ್‌ಗಳಿಗೆ ಬಂದಿದೆ. ಅಂದರೆ ರಿಯಾಯಿತಿ ಕೇಳಲು ಹೋಗಿ ದಂಡ ಕಟ್ಟಿಕೊಂಡು ಬಂದ ಹಾಗೆ.

ಯಾವುದನ್ನು ಬಿಡಬಹುದು? ಕಾರ್ಪೆಟ್, ಪರದೆ, ಅಡುಗೆಮನೆಯ ಕಪಾಟು, ಗೋಡೆಗೆ ಕೂರಿಸಿದ ವಾರ್ಡ್‌ರೋಬ್ ಇದ್ದರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಫ್ರಿಜ್, ವಾಷಿಂಗ್ ಮಷಿನ್ ಮಾತ್ರ ಉಳಿದಿದ್ದರೂ ಹೆಚ್ಚಿನ ಕಡೆ ಒಪ್ಪುತ್ತಾರೆ. ಮಂಚ, ಹಾಸಿಗೆ, ಸೋಫಾ, ಊಟದ ಮೇಜು ಮಾತ್ರ ಇರಕೂಡದು. ಕಾನೂನಿನಲ್ಲಿ ಇಂಥದ್ದು ಇರಬಹುದು, ಇಂಥದ್ದು ಇರಬಾರದು ಅನ್ನುವ ಪಟ್ಟಿ ಇಲ್ಲ. ನೋಡಲು ಬಂದವರ ತೀರ್ಮಾನದ ಮೇಲೆ ಬಿಟ್ಟಿರುವುದರಿಂದ ಅವರಿಗೆ ಅನುಮಾನಕ್ಕೆ ಜಾಗ ಕೊಡಬೇಡಿ.

ಹಾಸನದ ಕಡೆಯ ನಮ್ಮ ಸ್ನೇಹಿತರೊಬ್ಬರು ಬಾಡಿಗೆದಾರರು ಬಿಟ್ಟುಹೋದ ಸೋಫಾವನ್ನು ‘ಮುಂದೆ ಬರೋರಿಗೆ ಆಗುತ್ತೆ’ ಅಂತ ಹಾಲ್‌ನಲ್ಲೇ ಇಟ್ಟಿದ್ದರು. ಮಹಡಿಯ ಕೋಣೆಯಲ್ಲಿ ಒಂದು ಡಬಲ್ ಮಂಚವೂ ಇತ್ತು. ಇನ್‌ಸ್ಪೆಕ್ಟರ್ ಬಂದವರು ಹಾಲ್‌ನ ಕಿಟಕಿಯಿಂದ ಇಣುಕಿ ನೋಡಿ ‘ಸಾಮಾನು ಇದೆ’ ಅಂತ ಬರೆದುಕೊಂಡು ಹೋದರು. ರಿಯಾಯಿತಿ ಸಿಗಲಿಲ್ಲ. ಸೋಫಾ, ಮಂಚ ಎರಡನ್ನೂ ಒಂದು ದಿನ ಮೊದಲು ಕಳಿಸಿದ್ದರೆ ಆಗುತ್ತಿತ್ತು, ಅಲ್ವಾ?

ಹಂತ 4: ಫೋಟೊ ಮತ್ತು ವಿಡಿಯೊ

ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದದ್ದೆಲ್ಲ ಸುಲಭ. ಹೇಳಿದ ಹಾಗೇ ಮಾಡಿ.

ಸಾಮಾನು ತುಂಬಿದ ವ್ಯಾನ್ ಹೊರಟ ಕೂಡಲೇ, ಗುಡಿಸುವ ಮೊದಲೇ, ಹಗಲು ಬೆಳಕಿನಲ್ಲಿ ಶುರು ಮಾಡಿ. ಮುಂಬಾಗಿಲ ಹೊರಗೆ ನಿಂತು ಮನೆ ನಂಬರು ಕಾಣುವ ಹಾಗೆ ವಿಡಿಯೊ ಆರಂಭಿಸಿ. ಎಲ್ಲೂ ನಿಲ್ಲಿಸದೆ ಒಳಗೆ ಬನ್ನಿ. ಮೊದಲು ಮೀಟರ್ ಹತ್ತಿರ ಹೋಗಿ ಅಂಕಿಗಳು ಓದಲು ಬರುವಷ್ಟು ಹತ್ತಿರದಿಂದ ತೋರಿಸಿ. ಆಮೇಲೆ ಒಂದೊಂದೇ ಕೋಣೆ. ಬಾಗಿಲಲ್ಲಿ ನಿಂತು ಒಂದು ಸುತ್ತು, ಎದುರು ಮೂಲೆಗೆ ಹೋಗಿ ಇನ್ನೊಂದು ಸುತ್ತು. ಬಾಗಿಲ ಹಿಂದಿನ ಮೂಲೆಯನ್ನು ಎಲ್ಲರೂ ಮರೆಯುತ್ತಾರೆ, ಅದನ್ನೂ ತೋರಿಸಿ. ವಾರ್ಡ್‌ರೋಬ್ ತೆರೆಯಿರಿ. ಅಡುಗೆಮನೆಯ ಕಪಾಟು, ಫ್ರಿಜ್ ತೆರೆದು ತೋರಿಸಿ. ಮೆಟ್ಟಿಲ ಕೆಳಗಿನ ಗೂಡು, ಅಟ್ಟ, ಹಿತ್ತಲ ಶೆಡ್ಡು ಯಾವುದನ್ನೂ ಬಿಡಬೇಡಿ. ಮಲಗುವ ಕೋಣೆಯ ಕಾರ್ಪೆಟ್ ಮೇಲೆ ಮಂಚದ ಕಾಲು ಊರಿದ ನಾಲ್ಕು ಗುಳಿಗಳು ಉಳಿದಿರುತ್ತವೆ. ಬಗ್ಗಿ ಅವನ್ನು ಹತ್ತಿರದಿಂದ ಹಿಡಿಯಿರಿ. ಮಂಚ ಅಲ್ಲಿತ್ತು, ಈಗ ಹೋಗಿದೆ ಅಂತ ಅದಕ್ಕಿಂತ ಚೆನ್ನಾಗಿ ಹೇಳುವುದು ಇನ್ನೊಂದಿಲ್ಲ. ಕೊನೆಗೆ ಹೊರಬಂದು ಬೀಗ ಹಾಕುವವರೆಗೆ ವಿಡಿಯೊ ನಡೆಯುತ್ತಿರಲಿ. ಇದಾದ ಮೇಲೆ ಪ್ರತಿ ಕೋಣೆಗೆ ಎರಡರಂತೆ ಫೋಟೊ. ವಿಡಿಯೊ ಕಳಿಸಲು ಆಗದ ಅರ್ಜಿಗಳಿರುತ್ತವೆ, ಅಲ್ಲಿಗೆ ಫೋಟೊ ಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತಲೇ ಕಳಿಸಿದ ಚಿತ್ರವನ್ನು ಪುರಾವೆಗೆ ಬಳಸಬೇಡಿ. ಯಾವಾಗ ತೆಗೆದದ್ದು ಅನ್ನುವ ವಿವರ ಕ್ಯಾಮೆರಾದ ಮೂಲ ಫೈಲಿನಲ್ಲಿ ಇರುತ್ತದೆ, ವಾಟ್ಸ್‌ಆ್ಯಪ್ ದಾಟಿ ಬಂದದ್ದರಲ್ಲಿ ಅದು ಅಳಿಸಿಹೋಗಿರುತ್ತದೆ. ಮೂಲ ಫೈಲುಗಳನ್ನು ಹಾಗೇ ಇಟ್ಟುಕೊಂಡು, ಅದೇ ದಿನ ಸಂಜೆ ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಫೋಟೊ ಮೇಲೆ ಕೆಂಪು ಅಕ್ಷರದಲ್ಲಿ ದಿನಾಂಕ ಒತ್ತುವ ಆ್ಯಪ್‌ಗಳಿವೆಯಲ್ಲ, ಅವಕ್ಕೆ ದುಡ್ಡು ಹಾಕಬೇಡಿ. ಯಾವ ದಿನಾಂಕ ಬೇಕಾದರೂ ಒತ್ತಬಹುದು ಅಂತ ಅಧಿಕಾರಿಗಳಿಗೂ ಗೊತ್ತು. ಹಾಗೆಯೇ, ‘ನಿಮ್ಮ ತೆರಿಗೆ ಇಳಿಸಿಕೊಡುತ್ತೇವೆ, ಉಳಿದದ್ದರಲ್ಲಿ ಪಾಲು ಕೊಡಿ’ ಅಂತ ಫೋನ್ ಮಾಡುವವರನ್ನು ದೂರ ಇಡಿ. ಕೌನ್ಸಿಲ್‌ಗೆ ಅರ್ಜಿ ಹಾಕಲು ಒಂದು ಪೆನ್ನಿಯೂ ಖರ್ಚಿಲ್ಲ.

ಹಂತ 5: ಕಾಗದ ಪತ್ರ

ಸಾಮಾನು ಸಾಗಿಸಿದ ವ್ಯಾನಿನ ಬಿಲ್. ಹಳೆ ಮಂಚ ಸೋಫಾ ಎತ್ತಿಕೊಂಡು ಹೋದವರ ರಸೀದಿ. ಕರೆಂಟು ಮತ್ತು ಗ್ಯಾಸಿನ ರೀಡಿಂಗ್ ಇರುವ ಕೊನೆಯ ಬಿಲ್. ಲೆಟಿಂಗ್ ಏಜೆಂಟ್ ಇದ್ದರೆ ಬಾಡಿಗೆದಾರರು ಬಿಟ್ಟ ದಿನದ ಚೆಕ್‌ಔಟ್ ವರದಿ. ಇವುಗಳಲ್ಲಿ ಎರಡಾದರೂ ಇರಲಿ, ದಿನಾಂಕಗಳು ಒಂದಕ್ಕೊಂದು ತಾಳೆಯಾಗಲಿ. ಪಕ್ಕದ ಮನೆಯವರ ಪತ್ರ ಬೇರೇನೂ ಇಲ್ಲದಾಗ ಇಟ್ಟುಕೊಳ್ಳಿ, ಅದರ ಮೇಲೇ ಭರವಸೆ ಇಡಬೇಡಿ.

ಮೀಟರ್ ಓಡಿದರೆ ಮನೆಯಲ್ಲಿ ಯಾರೋ ಇದ್ದಾರೆ ಅಂದುಕೊಂಡಾರು ಅಂತ ಕೆಲವರು ಚಳಿಗಾಲದಲ್ಲೂ ಹೀಟಿಂಗ್ ಪೂರ್ತಿ ಆರಿಸಿ ಹೋಗುತ್ತಾರೆ. ಖಂಡಿತ ಬೇಡ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ ನೂರಾರು ಪೌಂಡಿನ ರಿಯಾಯಿತಿಗೆ ಸಾವಿರಾರು ಪೌಂಡಿನ ರಿಪೇರಿ ಬರುತ್ತದೆ. ಖಾಲಿ ಮನೆಗೆ ಒಂದೆರಡು ತಿಂಗಳಾದ ಮೇಲೆ ವಿಮೆಯವರು ಕೂಡ ಹಿಂದೆ ಸರಿಯುವುದುಂಟು, ಪಾಲಿಸಿ ಓದಿ. ಹೀಟಿಂಗ್ ಸಣ್ಣಗೆ ಉರಿಯಲಿ. ಪೈಪ್ ಒಡೆಯದಿರಲಿ ಅಂತ ಬಿಟ್ಟಿದ್ದೇವೆ ಎಂದು ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ, ಸಾಕು.

ಹಂತ 6: ಅರ್ಜಿ

ಆನ್‌ಲೈನ್ ಅರ್ಜಿ, ಹತ್ತು ನಿಮಿಷದ ಕೆಲಸ. ನಿಮಗೆ ಪತ್ರ ಬರಬೇಕಾದ ವಿಳಾಸವನ್ನು ಮಾತ್ರ ಎರಡು ಸಲ ನೋಡಿ. ಊರಿಗೆ ವಾಪಸ್ ಹೋದ ಒಂದು ಕುಟುಂಬ ಆ ಜಾಗದಲ್ಲಿ ಖಾಲಿ ಮನೆಯ ವಿಳಾಸವನ್ನೇ ಬರೆದಿತ್ತು. ಬಿಲ್, ರಿಮೈಂಡರ್, ಕೊನೆಗೆ ಕೋರ್ಟಿನ ಸಮನ್ಸ್, ಎಲ್ಲವೂ ಬಾಗಿಲ ಹಿಂದೆ ಚಾಪೆ ಮೇಲೆ ಬಿದ್ದಿದ್ದವು. ಅವರು ಮೈಸೂರಿನಲ್ಲಿದ್ದರು. ಕೌನ್ಸಿಲ್‌ನವರು ಮನೆ ನೋಡಲು ಬರುತ್ತೇವೆ ಅಂದರೆ ತೆರೆಯಲು ಒಬ್ಬರು ಬೇಕು. ನಂಬಿಕೆಯ ಸ್ನೇಹಿತರ ಹತ್ತಿರ ಒಂದು ಬೀಗದ ಕೈ ಕೊಟ್ಟಿರಿ.

ಆಗಲ್ಲ ಅಂದರೆ

ಫೋನಿನಲ್ಲಿ ವಾದ ಮಾಡಿ ಸಮಯ ಕಳೆಯಬೇಡಿ, ಬರೆಯಿರಿ. ಯಾವ ದಿನಾಂಕದಿಂದ, ಯಾವ ಪುರಾವೆ, ಏನು ಕೇಳುತ್ತಿದ್ದೀರಿ, ಮೂರೇ ಪ್ಯಾರಾ. ಉತ್ತರ ಕೊಡಲು ಕೌನ್ಸಿಲ್‌ಗೆ ಎರಡು ತಿಂಗಳು ಇರುತ್ತದೆ. ಒಪ್ಪದಿದ್ದರೆ, ಅವರ ಉತ್ತರ ಬಂದ ಎರಡು ತಿಂಗಳೊಳಗೆ ಇಂಥ ತೆರಿಗೆ ತಕರಾರು ವಿಚಾರಿಸುವ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ತೀರ್ಮಾನ ಆಗುವವರೆಗೆ ಕಂತು ಕಟ್ಟುತ್ತಲೇ ಇರಿ. ಗೆದ್ದರೆ ಹೆಚ್ಚಿಗೆ ಕಟ್ಟಿದ್ದು ವಾಪಸ್ ಬರುತ್ತದೆ. ಕಟ್ಟುವುದು ನಿಲ್ಲಿಸಿದರೆ ಕಂತಿನ ಸೌಲಭ್ಯ ಹೋಗಿ ವರ್ಷದ ಹಣವನ್ನೆಲ್ಲ ಒಟ್ಟಿಗೆ ಕೇಳುತ್ತಾರೆ.

ಸಿಕ್ಕ ಮೇಲೆ

ಮಧ್ಯದಲ್ಲಿ ಯಾರನ್ನಾದರೂ ಆರು ವಾರದೊಳಗೆ ಇರಿಸಿ ಕಳಿಸಿದರೆ ಹೊಸ ರಿಯಾಯಿತಿ ಶುರುವಾಗುತ್ತದೆ ಅಂತ ಯಾರೋ ಹೇಳಿರುತ್ತಾರೆ, ನಂಬಬೇಡಿ. ಆರು ವಾರ ಅಥವಾ ಅದಕ್ಕಿಂತ ಕಡಿಮೆ ವಾಸವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಳೆಯ ದಿನಾಂಕವೇ ಮುಂದುವರಿಯುತ್ತದೆ. ಮನೆಯನ್ನು ಸುಮ್ಮನೆ ಖಾಲಿ ಬಿಡುವುದೂ ಒಳ್ಳೆಯದಲ್ಲ. 2024ರ ಏಪ್ರಿಲ್ 1ರಿಂದ, ಒಂದು ವರ್ಷ ಖಾಲಿ ಇದ್ದ ಮನೆಗೆ ಕೌನ್ಸಿಲ್ ದುಪ್ಪಟ್ಟು ತೆರಿಗೆ ಹಾಕಬಹುದು. ಮಾರಾಟಕ್ಕೋ ಬಾಡಿಗೆಗೋ ನಿಜವಾಗಿ ಇಟ್ಟಿರುವ ಮನೆಗೆ 12 ತಿಂಗಳವರೆಗೆ ಆ ಹೆಚ್ಚುವರಿ ತೆರಿಗೆಯಿಂದ ಬಿಡುಗಡೆ ಇದೆ. ಅದಕ್ಕೆ ಜಾಹೀರಾತಿನ ಪ್ರತಿ, ಏಜೆಂಟರ ಒಪ್ಪಂದ ಜೋಪಾನವಾಗಿಡಿ.

ಯಾರಾದರೂ ವಾಸಕ್ಕೆ ಬಂದರೆ, ಇಲ್ಲವೇ ನೀವೇ ಸಾಮಾನು ತಂದಿಟ್ಟರೆ, 21 ದಿನದೊಳಗೆ ಕೌನ್ಸಿಲ್‌ಗೆ ತಿಳಿಸಿ. ಮುಚ್ಚಿಟ್ಟರೆ 70 ಪೌಂಡ್ ದಂಡ ಬೀಳಬಹುದು. ಬಾಡಿಗೆದಾರರು ಬಂದ ದಿನ ಮೀಟರ್ ಫೋಟೊ ತೆಗೆದು, ಖಾಲಿ ದಿನದ ಫೋಟೊಗಳಿರುವ ಫೋಲ್ಡರಿಗೇ ಅದನ್ನೂ ಹಾಕಿಡಿ.