ಮೊದಲ ಎರಡು ಗಂಟೆ

ಮುಂದಿನ ಶನಿವಾರ ಮೈಸೂರಿನ ಒಂದು ಕ್ಲಬ್ಬಿನಲ್ಲಿ ರಾತ್ರಿ 8ರಿಂದ 10ರವರೆಗೆ ನಾನು ಹೌಸ್ ಸಂಗೀತ, ಅಂದರೆ ಯಂತ್ರಗಳ ಒಂದೇ ಸಮನೆಯ ತಾಳದ ಕುಣಿತದ ಸಂಗೀತ, ಹಾಕುತ್ತೇನೆ. ಆಮೇಲೆ ಬೆಂಗಳೂರಿನ ಹಿರಿಯ ಡಿಜೆಯೊಬ್ಬರ ಸರದಿ. ಪೋಸ್ಟರಿನಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿದೆ, ನನ್ನದು ಕೆಳಗಿದೆ. ನಾನು ಕೇಳಿ ಪಡೆದದ್ದು ಇದೇ ಜಾಗವನ್ನು. ಮೊದಲ ಎರಡು ಗಂಟೆಯ ಕೆಲಸ ಎಷ್ಟು ದೊಡ್ಡದು ಎಂಬುದು ಅರ್ಥವಾಗಲು ನನಗೆ ಒಂಬತ್ತು ವರ್ಷ ಹಿಡಿಯಿತು.

ಮಂಡ್ಯದಲ್ಲಿ ನನ್ನ ಸೋದರಮಾವನಿಗೆ ಶಾಮಿಯಾನ ಮತ್ತು ಮೈಕ್‌ಸೆಟ್ ಅಂಗಡಿಯಿತ್ತು. ಪಿಯುಸಿ ಓದುವಾಗಲೇ ಬಾಕ್ಸ್ ಹೊರಲು, ವೈರು ಎಳೆಯಲು ಹೋಗುತ್ತಿದ್ದೆ. ಗಣೇಶನ ಮೆರವಣಿಗೆಗೆ ತಮಟೆಯವರು ಬಂದರೆ ಬಾರಿಸುವ ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮವನ್ನು ಉರಿಗೆ ಹಿಡಿದು ಕಾಯಿಸುತ್ತಿದ್ದರು. ಬೆರಳಿನಿಂದ ತಟ್ಟಿ ನೋಡುವುದು, ಇನ್ನಷ್ಟು ಕಾಯಿಸುವುದು, ಮತ್ತೆ ತಟ್ಟುವುದು. ಸದ್ದು ಗಣಗಣ ಎನ್ನುವವರೆಗೆ ಒಬ್ಬರೂ ಹೆಜ್ಜೆ ಎತ್ತುತ್ತಿರಲಿಲ್ಲ. ನನಗೆ ತಡೆಯಲಾಗದೆ ಚಡಪಡಿಸಿದರೆ ಮಾವ, ‘ಯಾಕಪ್ಪ ಅವಸರ? ಮೊದಲು ಕಾಯಲಿ’ ಎನ್ನುತ್ತಿದ್ದರು.

ಪದವಿಗೆ ಮೈಸೂರಿಗೆ ಬಂದಾಗ ಕೋಣೆಯ ಜೊತೆಗಾರ ಮೃದಂಗ ಕಲಿಯುತ್ತಿದ್ದ. ನಾನು ಹೌಸ್ ಕೇಳುತ್ತಿದ್ದರೆ ಅವನು ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದ. ಒಂದು ದಿನ, ‘ನಾಲ್ಕು ಆವರ್ತ ಮುಗಿದ ಕೂಡಲೇ ಇದರಲ್ಲಿ ಏನೋ ಬದಲಾಗುತ್ತದೆ, ಗಮನಿಸು’ ಎಂದ. ನಿಜವೇ. ಆದಿತಾಳದ ಒಂದು ಸುತ್ತು, ಅಂದರೆ ಒಂದು ಆವರ್ತ, ಎಂಟು ಪೆಟ್ಟಿನದು; ನಾಲ್ಕು ಆವರ್ತ ಎಂದರೆ 32 ಪೆಟ್ಟು. ನಿಮಿಷಕ್ಕೆ 124 ಪೆಟ್ಟಿನ ವೇಗದಲ್ಲಿ ಸುಮಾರು 15.5 ಸೆಕೆಂಡ್. ಹೆಚ್ಚಿನ ಹೌಸ್ ಹಾಡುಗಳಲ್ಲಿ ಹೊಸ ವಾದ್ಯ ಸೇರುವುದು, ಇದ್ದದ್ದು ಬಿಟ್ಟುಹೋಗುವುದು ಆ ಲೆಕ್ಕದಲ್ಲೇ. ಅಂದಿನಿಂದ ನಾನು ಓಡುತ್ತಿರುವ ಹಾಡಿನ ಜೊತೆಗೆ ಎರಡನೆಯ ಹಾಡನ್ನು ಸೇರಿಸುವುದು ಆವರ್ತ ಎಣಿಸಿಯೇ. ಈ ಸಂಗೀತ ನಮ್ಮದಲ್ಲ ಎನ್ನುವವರಿಗೆ ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಸಿಂಥಸೈಜರ್, ತಾಳಯಂತ್ರಗಳ ಮೇಲೆ, ಡಿಸ್ಕೊ ತಾಳಕ್ಕೆ ನುಡಿಸಿದ ರಾಗಗಳನ್ನು ಕೇಳಿಸುತ್ತೇನೆ.

ಕಿವಿಯಿಂದಲೇ ಎರಡು ಹಾಡುಗಳ ವೇಗ ಹೊಂದಿಸುವುದನ್ನು ಕಲಿಯಲು ಒಂದು ವರ್ಷ ಬೇಕಾಯಿತು. ಪರದೆಯ ಮೇಲೆ ವೇಗ ತೋರಿಸುವ ಅಂಕಿಗೆ ಕಾಗದ ಅಂಟಿಸಿ ಅಭ್ಯಾಸ ಮಾಡಿದೆ. 122ರ ಹಾಡನ್ನು 124ಕ್ಕೆ ತರಲು ವೇಗ ಬದಲಿಸುವ ಪಿಚ್ ಕಡ್ಡಿಯನ್ನು ಶೇ 1.6ರಷ್ಟು ಮಾತ್ರ ಸರಿಸಬೇಕು. ಕೂದಲೆಳೆ ಹೆಚ್ಚುಕಡಿಮೆಯಾದರೂ ಎರಡು ಹಾಡುಗಳ ಪೆಟ್ಟು ಬೇರೆಯಾಗಿ, ಟಾಂಗಾ ಕುದುರೆ ಟಾರು ರಸ್ತೆಗೆ ಇಳಿದಂತೆ ಟಕಟಕ ಎನ್ನುತ್ತದೆ. ಹೊಂದಿಕೊಂಡ ಮೇಲೂ ಎರಡರ ಬಾಸ್, ಅಂದರೆ ತಳದ ಗಡಸು ಸದ್ದು, ಒಟ್ಟಿಗೆ ಬಿಡಬಾರದು, ತಳವೆಲ್ಲ ಕಲಸಿ ಮುದ್ದೆಯಾಗುತ್ತದೆ. ಒಂದರದ್ದನ್ನು ಪೂರ್ತಿ ತಗ್ಗಿಸಿ, ಆವರ್ತದ ತುದಿಯಲ್ಲಿ ಅದಲುಬದಲು ಮಾಡುತ್ತೇನೆ. ಆ ಕ್ಷಣ ಸರಿಯಾಗಿ ಬಿದ್ದರೆ ಕುಣಿಯುವವರಿಗೆ ಹಾಡು ಬದಲಾದದ್ದೇ ತಿಳಿಯುವುದಿಲ್ಲ, ಆದರೆ ಅವರ ಭುಜಗಳು ತಾವಾಗಿಯೇ ಸಡಿಲವಾಗುತ್ತವೆ. ಅದನ್ನು ನೋಡುವುದಕ್ಕಾಗಿಯೇ ನಾನು ಈ ಕೆಲಸದಲ್ಲಿದ್ದೇನೆ.

ಕೈ ಪಳಗಿದ ಮೇಲೂ ದೊಡ್ಡ ತಪ್ಪು ಮಾಡಿದೆ. ಕ್ಲಬ್ಬೊಂದರಲ್ಲಿ ಮೊದಲ ಅವಕಾಶ ಸಿಕ್ಕಾಗ 8 ಗಂಟೆಗೇ 128ರ ಅಬ್ಬರದ ಹಾಡುಗಳನ್ನು ಹಾಕಿದೆ. ಒಂಬತ್ತಕ್ಕೆ ಜಾಗ ತುಂಬಿತು, ಹತ್ತಕ್ಕೆ ಜನ ದಣಿದು ಕುರ್ಚಿ ಹುಡುಕುತ್ತಿದ್ದರು. ನನ್ನ ನಂತರ ಬಂದ ಡಿಜೆ ಖಾಲಿ ನೆಲದ ಎದುರು ನಿಂತರು. ಅವರು ಬೈಯಲಿಲ್ಲ. ‘ನನಗೇನೂ ಉಳಿಸಲಿಲ್ಲವಲ್ಲ’ ಎಂದರು. ಆ ರಾತ್ರಿ ಮಂಡ್ಯದ ಬಸ್ಸಿನಲ್ಲಿ ಕುಳಿತಾಗ ತಮಟೆಯ ಬೆಂಕಿ ನೆನಪಾಯಿತು.

ಆಮೇಲೆ ಹೌಸ್‌ನ ಮೂಲವನ್ನು ಹುಡುಕಿಕೊಂಡು ಹೋದೆ. 1977ರಲ್ಲಿ ಶಿಕಾಗೋದಲ್ಲಿ ವೇರ್‌ಹೌಸ್ ಎಂಬ ಕ್ಲಬ್ ತೆರೆಯಿತು. ಈ ಸಂಗೀತದ ಹೆಸರು ಬಂದದ್ದೂ ಅಲ್ಲಿಂದಲೇ ಎನ್ನುತ್ತಾರೆ. ಅಲ್ಲಿನ ಡಿಜೆ ಫ್ರಾಂಕಿ ನಕಲ್ಸ್ ಟೇಪನ್ನು ಕತ್ತರಿಸಿ ಅಂಟಿಸಿ ಹಾಡುಗಳ ತಾಳದ ಭಾಗವನ್ನು ಉದ್ದ ಮಾಡುತ್ತಿದ್ದರು. ಜನರನ್ನು ಕಾಯಿಸುವ ವಿದ್ಯೆ ಈ ಸಂಗೀತದ ಹುಟ್ಟಿನಲ್ಲೇ ಇತ್ತು.

ಶನಿವಾರಕ್ಕೆ 60 ಹಾಡು ಆರಿಸಿದ್ದೇನೆ, ಬೇಕಾಗುವುದು ಅದರ ಅರ್ಧ. ಒಂದೇ ಸಂಗ್ರಹ ಎರಡು ಪೆನ್‌ಡ್ರೈವ್‌ಗಳಲ್ಲಿದೆ, ಒಂದು ಕೈಕೊಟ್ಟರೆ ಇನ್ನೊಂದು. ಮೊದಲ ಹಾಡು 118ರದು: ಬರಿಯ ತಾಳ, ಒಂದು ಬಾಸ್, ದೂರದಲ್ಲೊಂದು ಪಿಯಾನೊ. ಮಾತನಾಡುವವರ ಮಾತಿಗೆ ಅಡ್ಡಿಯಾಗದಷ್ಟು ಸದ್ದು. ಹತ್ತು ಗಂಟೆಗೆ 123ರಲ್ಲಿ ನಿಲ್ಲಿಸಿ ಕೈದಾಟಿಸುತ್ತೇನೆ.

ಮಾವನಿಗೆ ಈಗ ಅರವತ್ತೆರಡು. ಕ್ಲಬ್ಬಿನ ಒಳಗೆ ಕಾಲಿಟ್ಟವರಲ್ಲ, ಶನಿವಾರ ಬರುತ್ತಾರೆ. ನಿನ್ನೆ ಫೋನಿನಲ್ಲಿ ಊಟ, ಬಸ್ಸು ಯಾವುದನ್ನೂ ವಿಚಾರಿಸದೆ, ‘ಬಾಸ್ ಬಾಕ್ಸ್ ಮೂಲೆಯಲ್ಲಿ ಇಟ್ಟಿದ್ದಾರೋ ಏನೋ, ಗುಂಯ್ ಎನ್ನುತ್ತದೆ, ಮೊದಲೇ ಹೋಗಿ ನೋಡಿಕೋ’ ಎಂದರು. ಗುರುವಾರ ಸಂಜೆ ಹೋಗುತ್ತಿದ್ದೇನೆ.